ಬಿಡಿಸದೆ ಬಿಟ್ಟ ಜಾಗ

ನಾಗುಂಟಹಳ್ಳಿ ಕೆರೆಯ ಮೂಡಣ ಮೂಲೆಯಲ್ಲಿ ಕಾಲೋನಿಯವರು ಹೂತಿದ್ದ ಮಕ್ಕಳನ್ನು ನೀರನೆರಳು ಪ್ರತಿಷ್ಠಾನದವರು ಜೆಸಿಬಿಯಲ್ಲಿ ಅಗೆದು, ಟ್ರ್ಯಾಕ್ಟರುಗಳಿಗೆ ತುಂಬಿ, ಹೂಳೆಂದು ಊರಿನ ಹಿಪ್ಪುನೇರಳೆ ತೋಟಗಳಿಗೆ ಹಂಚಿದರು.

ಅದು ಗೊತ್ತಾದದ್ದು ಕೆರೆ ಕೆಲಸವೆಲ್ಲ ಮುಗಿದ ಮೇಲೆ. ಏರಿಗೆ ಕಲ್ಲು ಹೊದಿಸಿಯಾಗಿತ್ತು, ತೂಬಿಗೆ ಹೊಸ ಬಾಗಿಲು ಬಂದಿತ್ತು, ಜಂಗಮಕೋಟೆ ರಸ್ತೆಗೆ ಕಾಣುವ ಹಾಗೆ ‘ಸಮುದಾಯದಿಂದ, ಸಮುದಾಯಕ್ಕಾಗಿ’ ಎಂಬ ಹಸಿರು ಬೋರ್ಡು ಎದ್ದಿತ್ತು. ಭಾನುವಾರ ಕೆರೆಯನ್ನು ಊರಿಗೆ ಒಪ್ಪಿಸುವ ಸಮಾರಂಭ. ಖರ್ಚು ಹೊತ್ತ ಕಂಪನಿಯವರು ಬೆಂಗಳೂರಿನಿಂದ ಬರುವವರಿದ್ದರು. ತನುಜ ಪ್ರತಿಷ್ಠಾನದ ಹಸಿರು ಟೀ ಶರ್ಟು ತೊಟ್ಟು ಏರಿಯ ಮೇಲೆ ನಿಂತು, ಶಾಮಿಯಾನ ಎಲ್ಲಿ ಹಾಕಿಸಿದರೆ ಬಿಸಿಲು ಹಿಂದೆ ಬೀಳುತ್ತದೆ ಎಂದು ನೋಡುತ್ತಿದ್ದಳು. ಅದೇ ಊರಿನ ಕಾಲೋನಿಯ ಹುಡುಗಿ ಅವಳು. ಚಿಂತಾಮಣಿಯಲ್ಲಿ ಡಿಗ್ರಿ ಮಾಡಿ, ಎಂ.ಎಸ್.ಡಬ್ಲ್ಯು. ಮುಗಿಸಿ, ತನ್ನೂರ ಕೆರೆಯ ಕೆಲಸಕ್ಕೇ ಪ್ರತಿಷ್ಠಾನದ ಕಾರ್ಯಕರ್ತೆಯಾಗಿ ಬಂದಿದ್ದಳು. ಪಾತಾಳದ ಕೊಳವೆಬಾವಿಯ ನೀರು ಕುಡಿದು ಹಲ್ಲಿಗೆ ಕಂದುಗೆರೆ ಬಿದ್ದ ತಲೆಮಾರು ಅವಳದು. ಕೆರೆ ಉಳಿಯಬೇಕು ಎಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಅದೇ ಹೊತ್ತಿಗೆ ಅವಳ ತಾಯಿ ಅನಸೂಯಮ್ಮ ಆವಲಪ್ಪನ ತೋಟದಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದಳು. ಸಾಲಿನ ನಡುವೆ ಹರಡಿದ್ದ ಕೆರೆಯ ಕಪ್ಪುಮಣ್ಣು ಕಾಲಿಗೆ ತಂಪಾಗಿ ಮೆತ್ತಿಕೊಳ್ಳುತ್ತಿತ್ತು. ಕುಡುಗೋಲಿನ ತುದಿಗೆ ಏನೋ ಠಣ್ ಎಂದಿತು. ಕಲ್ಲಿರಬೇಕೆಂದು ಕಾಲಲ್ಲಿ ಸರಿಸಿದಳು. ಕಲ್ಲಲ್ಲ. ಬಗ್ಗಿ ಎತ್ತಿಕೊಂಡು ಮಣ್ಣು ಕೆರೆದಳು. ಒಳಲೆ. ಎಳೆಗೂಸಿಗೆ ಹಾಲು ಹನಿಸುವ, ಹಕ್ಕಿಯ ಕೊಕ್ಕಿನಂಥ ಮೂತಿಯಿರುವ, ಅಂಗೈಯಗಲದ ಹಿತ್ತಾಳೆ ಬಟ್ಟಲು. ಹಸಿರು ಕಿಲುಬು ಹಿಡಿದಿತ್ತು.

ಅನಸೂಯಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅರ್ಧ ಕೊಯ್ದ ಸೊಪ್ಪನ್ನು ಸಾಲಿನಲ್ಲೇ ಬಿಟ್ಟಳು. ಯಾರನ್ನೂ ಕರೆಯದೆ ಬದುವಿಗೆ ಹತ್ತಿ ಕಾಲೋನಿಯ ದಾರಿ ಹಿಡಿದಳು.

ಕಾಲೋನಿಯಲ್ಲಿ ಒಂದು ನಡವಳಿಕೆ ಇತ್ತು. ಹಾಲುಹಲ್ಲು ಬೀಳುವ ಮೊದಲೇ ಸತ್ತ ಮಗುವನ್ನು ದೊಡ್ಡವರ ಜೊತೆ ಹೂಳುವುದಿಲ್ಲ. ಕೆರೆಯ ಮೂಡಣ ಮೂಲೆಯಲ್ಲಿ, ನೀರು ಬಂದರೆ ಮುಟ್ಟುವ, ಹಿಂದೆ ಸರಿದರೂ ತೇವ ಆರದ ಅಂಚಿನಲ್ಲಿ ಮಲಗಿಸುತ್ತಾರೆ. ಎಳೆಯದು, ತಣ್ಣಗಿರಲಿ ಎಂದು. ಕಲ್ಲು ನೆಡುವುದಿಲ್ಲ, ಹೆಸರು ಹೇಳುವುದಿಲ್ಲ. ಆ ಮಗು ಹಾಲು ಕುಡಿದ ಒಳಲೆಯಲ್ಲಿ ಇನ್ನೊಂದು ಮಗುವಿಗೆ ಹಾಲು ಹಾಕಬಾರದು, ಹಾಗಾಗಿ ಅದನ್ನೂ ಜೊತೆಗಿಡುತ್ತಾರೆ. ಗಂಡಸರು ಹೋಗಿ ಬರುತ್ತಾರೆ. ಹೆಂಗಸರು ಹೋಗುವುದಿಲ್ಲ, ಮಾತಾಡುವುದೂ ಇಲ್ಲ. ಆದರೆ ದನ ಆ ಕಡೆ ಮೇಯಲು ತಿರುಗಿದರೆ ಯಾರಾದರೊಬ್ಬಳು ಎದ್ದು ಹೋಗಿ ಅಟ್ಟಿಬಿಡುತ್ತಾಳೆ. ಒಳ್ಳೆ ಮಳೆಯಾದ ವರ್ಷ ಯಾರಾದರೂ ಹಿರಿಯಳು, ‘ಮಕ್ಕಳಿಗೆ ನೀರು ಬಂತು ಕಣ್ರೇ’ ಎಂದಷ್ಟೇ ಅನ್ನುತ್ತಾಳೆ.

ಊರಿನ ಸ್ಮಶಾನಕ್ಕೆ ಸರ್ವೆ ನಂಬರು ಇತ್ತು, ತಂತಿಬೇಲಿ ಇತ್ತು, ಕಬ್ಬಿಣದ ಗೇಟಿತ್ತು. ಕಾಲೋನಿಯವರಿಗೂ ಒಂದು ಜಾಗ ಕೊಡಿ ಎಂದು ತನುಜಳ ಅಪ್ಪ ವೆಂಕಟರವಣಪ್ಪ ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಅಲೆದು ಅಲೆದು, ಆ ಜಾಗ ಸಿಗುವ ಮೊದಲೇ ತೀರಿಕೊಂಡಿದ್ದ. ಕೆರೆಗೆ ಬಂದ ಸಂಸ್ಥೆಗಳೆಲ್ಲ ನೀರು ಎಲ್ಲಿ ಇಂಗುತ್ತದೆ ಎಂದು ಕೇಳಿದವು. ನಿಮ್ಮವರನ್ನು ಎಲ್ಲಿ ಹೂಳುತ್ತೀರಿ ಎಂದು ಒಂದೂ ಕೇಳಲಿಲ್ಲ.

ತನುಜ ಸ್ಕೂಟರಿನಲ್ಲಿ ಕಾಲೋನಿಗೆ ಬರುವ ಹೊತ್ತಿಗೆ ಗಂಗುಲಮ್ಮನ ಜಗಲಿಯ ತುಂಬ ಹೆಂಗಸರಿದ್ದರು. ಯಾರೂ ಅಳುತ್ತಿರಲಿಲ್ಲ. ಒಳಲೆ ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬೊಬ್ಬಳೂ ಅದರ ಮೂತಿಯನ್ನು ಹೆಬ್ಬೆರಳಲ್ಲಿ ಸವರಿ, ತಳ ತಿರುಗಿಸಿ ನೋಡಿ, ಪಕ್ಕದವಳಿಗೆ ಕೊಡುತ್ತಿದ್ದಳು.

“ನಮ್ದು ಮೂತಿ ಒಂಚೂರು ಸೊಟ್ಟ ಇತ್ತು,” ಎಂದಳು ಒಬ್ಬಳು.

“ಎಲ್ಲಾರ್ದೂ ಸೊಟ್ಟಾನೇ ಕಣೇ. ಶಿಡ್ಲಘಟ್ಟದಲ್ಲಿ ಒಬ್ನೇ ಅಂಗಡಿಯೋನು, ಸೊಟ್ಟಂದೇ ಮಾರ್ತಿದ್ದ,” ಎಂದಳು ಗಂಗುಲಮ್ಮ. ಕಾಲೋನಿಗೆಲ್ಲ ಹಿರಿಯಳು ಅವಳು. ಆ ಮೂಲೆಯಲ್ಲಿ ಅವಳ ಮಕ್ಕಳು ಇಬ್ಬರಿದ್ದರು.

ಯಾರಿಗೂ ಇದು ತನ್ನದೇ ಎಂದು ಹೇಳಲಾಗಲಿಲ್ಲ. ತನ್ನದಲ್ಲ ಎಂದೂ ಹೇಳಲಾಗಲಿಲ್ಲ.

“ಏನಾಯ್ತತ್ತೆ?” ಎಂದಳು ತನುಜ.

ಗಂಗುಲಮ್ಮ ಒಳಲೆಯನ್ನು ಅವಳ ಕಡೆ ಹಿಡಿದಳು. “ಬಾಮ್ಮ ಮೇಡಮ್ಮು. ನಿಮ್ ಕೆರೇಲಿ ಸಿಕ್ತು. ಕೆರೇಲಲ್ಲ, ಆವಲಪ್ಪನ ಸೊಪ್ಪಿನ ತೋಟದಲ್ಲಿ.”

ತನುಜಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತನಗಿಂತ ಮೊದಲು ಹುಟ್ಟಿದ ಒಬ್ಬ ಅಣ್ಣನಿದ್ದ, ವಾಂತಿಭೇದಿಯಲ್ಲಿ ಹೋದ ಎಂದು ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅವನೆಲ್ಲಿ ಎಂದು ಅಪ್ಪನನ್ನು ಕೇಳಿದ್ದಳು. “ಕೆರೆಗೆ ಕೊಟ್ವಮ್ಮ,” ಎಂದಿದ್ದ ಅಪ್ಪ. ಎಲ್ಲಿ, ಹೇಗೆ ಎಂದು ಮುಂದೆ ಕೇಳಬಾರದೆಂಬುದು ಆ ಮುಖದಲ್ಲೇ ಇತ್ತು. ಅವಳು ಕೇಳಿರಲಿಲ್ಲ.

ಈಗ ಅವಳಿಗೆ ಇದೇ ಜಗಲಿಯ ಮುಂದಿನ ಅಂಗಳ, ಕೆಲಸ ಶುರುವಾಗುವ ಮುಂಚಿನ ಒಂದು ಬೆಳಗ್ಗೆ ನೆನಪಾಯಿತು. ಪ್ರತಿಷ್ಠಾನದವರು ಯಾವ ಊರಿಗೆ ಹೋದರೂ ಮೊದಲು ಮಾಡಿಸುವುದು ನಕ್ಷೆ. ಕಾಗದದ ಮೇಲಲ್ಲ, ನೆಲದ ಮೇಲೆ. ಹೆಂಗಸರನ್ನು ಕೂರಿಸಿ, ರಂಗೋಲಿ ಪುಡಿ ಕೊಟ್ಟು, ನಿಮ್ಮ ಕೆರೆ ಬಿಡಿಸಿ ಎನ್ನುವುದು. ಜನ ಬಿಡಿಸಿದ್ದೇ ಸತ್ಯ, ನಾವು ಒಂದು ಗೆರೆಯನ್ನೂ ಸೇರಿಸಬಾರದು ಎಂಬುದು ಅಲ್ಲಿ ಮೊದಲ ದಿನ ಕಲಿಸುವ ಪಾಠ. ಅವತ್ತು ಹೆಂಗಸರು ನಕ್ಕು ನಕ್ಕು ಬಿಡಿಸಿದ್ದರು. ನೀಲಿ ಪುಡಿಯಲ್ಲಿ ನೀರು, ಕೆಂಪಲ್ಲಿ ಏರಿ, ಹೊಂಗೆ ಎಲೆ ಇಟ್ಟು ತೋಪು, ಹುರುಳಿಕಾಳಿಟ್ಟು ಮನೆಗಳು. ಆವಲಪ್ಪನ ಮನೆಗೆ ಒಂದು ಕಾಳು ಸಾಲದು ಎಂದು ಗಂಗುಲಮ್ಮ ಹಿಡಿ ತುಂಬ ಸುರಿದಿದ್ದಳು. ನೀಲಿ ಗೆರೆ ಮೂಡಣ ಮೂಲೆಗೆ ಬಂದಾಗ ಪುಡಿ ಅನಸೂಯಮ್ಮನ ಕೈಯಲ್ಲಿತ್ತು. ಆ ಕೈ ನಿಂತು, ಅಂಗೈಯಗಲ ಜಾಗ ಬಿಟ್ಟು, ಸುತ್ತುಬಳಸಿ ಆಚೆಗೆ ಹೋಗಿತ್ತು.

“ಅಮ್ಮ, ಇಲ್ಲೇನಿದೆ?” ಎಂದು ಕೇಳಿದ್ದಳು ತನುಜ.

“ಏನೂ ಇಲ್ಲ ಬಿಡೇ.”

ತನುಜ ಬೆಂಚಿನ ಮೇಲೆ ಹತ್ತಿ ಫೋಟೊ ತೆಗೆದಿದ್ದಳು. ಆ ಮೂಲೆಗೆ ‘ಖಾಲಿ’ ಎಂದು ಬರೆದುಕೊಂಡಿದ್ದಳು. ಏನೂ ಇಲ್ಲದ ಕಡೆ ಹೂಳು ಆಳವಾಗಿ ತೆಗೆಯಬಹುದು ಎಂದು ಎಂಜಿನಿಯರು ಮೊದಲ ಜೆಸಿಬಿಯನ್ನು ಅಲ್ಲಿಗೇ ಇಳಿಸಿದ್ದ. ಅಗೆದ ಹೊತ್ತಿಗೆ ಕಾಲೋನಿಯ ಗಂಡಸರು ಕೂಲಿಗೆ ಹೋಗಿದ್ದರು, ಹೆಂಗಸರೆಲ್ಲ ಪ್ರತಿಷ್ಠಾನದ್ದೇ ವ್ಯಾನಿನಲ್ಲಿ ಕೈವಾರದ ಹತ್ತಿರ ಒಂದು ಮಾದರಿ ಕೆರೆ ನೋಡಲು ಹೋಗಿದ್ದರು. ಕರೆದುಕೊಂಡು ಹೋದವಳು ತನುಜ. ತಿರುಗಿ ಬಂದಾಗ ಆ ಮೂಲೆಯಲ್ಲಿ ದೊಡ್ಡ ಗುಂಡಿ ಇತ್ತು. ಹೆಂಗಸರು ಅದರ ದಡದಲ್ಲಿ ನಿಂತು ನೋಡಿದ್ದರು. ಇನ್ನೂ ಆಳದಲ್ಲಿರಬಹುದು, ಮಣ್ಣು ಮೇಲಿನದಷ್ಟೇ ಹೋಗಿರಬಹುದು ಎಂದು ಒಬ್ಬೊಬ್ಬಳೂ ತನಗೆ ತಾನೇ ಹೇಳಿಕೊಂಡು ಮನೆಗೆ ಹೋಗಿದ್ದಳು. ಬಾಯಿಬಿಟ್ಟು ಹೇಳುವ ಮಾತಲ್ಲವಲ್ಲ ಅದು.

“ನಾನು ಕೇಳಿದ್ನಲ್ಲಮ್ಮ ಅವತ್ತು,” ಎಂದಳು ತನುಜ. “ಏನಿದೆ ಅಂತ ಕೇಳ್ದೆ.”

“ಕೇಳ್ದೆ,” ಎಂದಳು ಅನಸೂಯಮ್ಮ.

“ಹೇಳಬಾರ್ದಿತ್ತಾ?”

ಅನಸೂಯಮ್ಮ ಮಗಳ ಟೀ ಶರ್ಟಿನ ಮೇಲಿದ್ದ ಹನಿನೀರಿನ ಚಿತ್ರವನ್ನು ನೋಡಿದಳು. “ಸೂತಕದ ಮನೆ ಬಾಗ್ಲಿಗೆ ರಂಗೋಲಿ ಹಾಕಿದ್ದು ಎಲ್ಲಾದ್ರೂ ನೋಡಿದೀಯೇನೇ? ಹೆತ್ತ ಮಗೂನ ಮಣ್ಣು ಮಾಡಿದ ಜಾಗ. ಅದ್ರ ಮೇಲೆ ನೀಲಿ ಪುಡಿ ಉದುರ್ಸು ಅಂತೀಯಾ? ಕೆರೆ ಪೂರ್ತಿ ತುಂಬ್ಸಿ ಅದೊಂದು ಬಿಟ್ಟಿದ್ವಿ. ಅಷ್ಟು ಜನ ಕೂತಿದ್ವಿ, ಒಬ್ಳಾದ್ರೂ ಆ ಜಾಗಕ್ಕೆ ಪುಡಿ ಹಾಕಿದ್ಲಾ? ನೀನು ಹೊರಗಿನೋಳಲ್ಲ ಅಂತ ಅನ್ಕೊಂಡಿದ್ದೆ.”

“ಖಾಲಿ ಅಂತ ಬರ್ಕೊಂಡವ್ಳೆ ಪಾಪ,” ಎಂದಳು ಗಂಗುಲಮ್ಮ. “ನನ್ ಹೊಟ್ಟೇನೂ ಖಾಲಿ ಅಂತ ಬರ್ಕೋ ತಾಯಿ. ಅಲ್ಲೂ ಒಂದ್ಸಲ ಜೆಸಿಬಿ ಬಿಡ್ಲಿ.”

ಯಾರೋ ನಕ್ಕರು. ನಗು ಅರ್ಧಕ್ಕೆ ಒಡೆದು ಅಳುವಾಯಿತು. ಆಗ ಎಲ್ಲರೂ ಅತ್ತರು, ಅನಸೂಯಮ್ಮನೊಬ್ಬಳನ್ನು ಬಿಟ್ಟು. ಅವಳು ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟಳು.

ಮಣ್ಣನ್ನಾದರೂ ವಾಪಸು ತರಬೇಕು ಎಂದು ತನುಜಳಿಗೆ ಹಟ ಬಂತು. ಕೆರೆಯ ಮೂಲೆಗೆ ಅದನ್ನೇ ಮತ್ತೆ ತುಂಬಿಸಬೇಕು, ಅಷ್ಟಾದರೆ ಅಮ್ಮ ಮಾತಾಡುತ್ತಾಳೆ. ಅವಳು ಕೇಳಲು ಹೋದಾಗ ಆವಲಪ್ಪ ಹುಳುಮನೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

“ನಿಮ್ಮಮ್ಮ ಎಲ್ಲಮ್ಮ?” ಎಂದ ಅವನು. “ಹುಳ ನಾಲ್ಕನೇ ಜ್ವರ ಎದ್ದವೆ, ಪೊರೆ ಬಿಟ್ಟು ಹಸ್ದು ಕೂತವೆ. ಈಗ ಸೊಪ್ಪಿಲ್ಲ ಅಂದ್ರೆ ಎಂಗೆ?”

ತನುಜ ವಿಷಯ ಹೇಳಿದಳು. ಆವಲಪ್ಪ ಕೇಳಿಸಿಕೊಂಡ. ಟವೆಲಿನಿಂದ ಮುಖ ಒರೆಸಿದ. ಆಗಲೇ ಊರಿನ ಬಾಯಲ್ಲಿ ಸುದ್ದಿ ಬಂದಿತ್ತು.

“ಯಾವ ಮಣ್ಣು ಅಂತ ಕೊಡ್ಲಮ್ಮ? ಹರಡಿ, ಟಿಲ್ಲರ್ ಹೊಡ್ದು, ನೀರು ಕಟ್ಟಿಯಾಯ್ತು. ನಂದ್ಯಾವ್ದು ನಿಮ್ದ್ಯಾವ್ದು ಅಂತ ನೀನೇ ಬೇರೆ ಮಾಡ್ಕೊಂಡೋಗು. ನಾನು ಕೇಳಿದ್ನಾ? ನೀನೇ ಬಂದು ಹೇಳ್ದೆ, ಅಣ್ಣ, ಕೆರೆಗೋಡು ಮಣ್ಣು ಬಂಗಾರ, ಗೊಬ್ಬರಾನೇ ಬೇಕಾಗಲ್ಲ ಅಂತ. ಈಗ ನನ್ ಹೆಂಡ್ತಿ ತೋಟಕ್ಕೆ ಕಾಲಿಡಲ್ಲ ಅಂತ ಕೂತವ್ಳೆ. ಹೋಗಿದ್ದು ಹೋಯ್ತು. ನಿಮ್ಮಮ್ಮನ್ನ ಕಳ್ಸು. ಯಾವ ಮಣ್ಣಲ್ಲಿ ಬೆಳೆದ್ರೂ ಸೊಪ್ಪು ಸೊಪ್ಪೇ.”

ತನುಜ ತೋಟದ ಕಡೆ ನೋಡಿದಳು. ಹೊಸ ಮಣ್ಣು ಬಿದ್ದ ಸಾಲುಗಳಲ್ಲಿ ಸೊಪ್ಪು ಉಳಿದ ಕಡೆಗಿಂತ ದಟ್ಟವಾಗಿ, ಕಪ್ಪುಹಸಿರಾಗಿ ಚಿಗುರಿತ್ತು. ಅವಳು ತಿರುಗಿ ಬಂದಳು.

ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ರಮೇಶ್‌ಬಾಬು ಅವಳ ಮಾತನ್ನು ಪೂರ್ತಿ ಕೇಳಿದ. ಪ್ರತಿಷ್ಠಾನ ಕಟ್ಟಿದವನು ಅವನು. ಕೆಟ್ಟವನಲ್ಲ. ಫ್ಲೋರೈಡ್ ನೀರು ಕುಡಿದು ಅವನ ತಾಯಿಯ ಬೆನ್ನು ಬಿಲ್ಲಿನಂತೆ ಬಗ್ಗಿಹೋಗಿತ್ತು. ಆ ಬೆನ್ನನ್ನು ನೋಡಿಯೇ ಅವನು ಕಾಲೇಜಿನ ಕೆಲಸ ಬಿಟ್ಟು ಕೆರೆಗಳ ಹಿಂದೆ ಬಿದ್ದಿದ್ದ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಪಾಪಂ,” ಎಂದ. “ಎಂಥಾ ಕೆಲಸ ಆಗೋಯ್ತು ನೋಡಮ್ಮ.” ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿ ಆ ಬೆಳಗಿನ ಫೋಟೊ ತೋರಿಸಿದ. “ಆದ್ರೆ ಇದು ನಾವು ಬಿಡಿಸಿದ್ದಲ್ಲ ತನುಜ. ಜನ ಬಿಡಿಸಿದ್ದು. ನಿಮ್ಮಮ್ಮಾನೇ ಇದಾರೆ ಇದ್ರಲ್ಲಿ. ನಮ್ಮ ಪದ್ಧತಿಲಿ ತಪ್ಪಾಗಿಲ್ಲ, ಅದನ್ನ ನೀನು ಮನಸ್ಸಿಗೆ ತಗೋಬೇಡ.”

“ಬಿಡಿಸಿದ್ದನ್ನ ನೋಡಿದ್ವಿ ಸಾರ್. ಬಿಡಿಸದೆ ಇದ್ದಿದ್ದನ್ನ ನೋಡ್ಲಿಲ್ಲ.”

“ನಿಜ. ಅದಕ್ಕೇ ಸರಿ ಮಾಡಣ.” ಅವನು ಮುಂದಕ್ಕೆ ಬಾಗಿದ. “ನೀನು ಬೆಳಗ್ಗೆ ಫೋನ್ ಮಾಡಿದ್ಮೇಲೆ ಕಂಪನಿ ಮೇಡಂಗೆ ಹೇಳ್ದೆ, ಅತ್ತೇಬಿಟ್ರು. ಆ ಮೂಲೇಲಿ ಸ್ಮೃತಿವನ ಮಾಡಣ ಅಂತಿದಾರೆ. ಒಂದೊಂದು ಮಗೂಗೆ ಒಂದೊಂದು ಗಿಡ, ಚೆಂದದ ಕಲ್ಲು, ಹೆಸರು. ಭಾನುವಾರ ಅದೇ ಹೆಂಗಸ್ರು ಅವ್ರ ಮುಂದೆ ಮತ್ತೆ ಕೂತು ನಕ್ಷೆ ಬಿಡಿಸ್ಲಿ. ಈ ಸಲ ಆ ಜಾಗಾನೂ ಗುರುತು ಮಾಡ್ಲಿ, ಎಲ್ಲೆಲ್ಲಿ ಯಾರ್ಯಾರು ಅಂತ. ವಿಡಿಯೊ ಮಾಡ್ಕೊಳಣ. ಒಪ್ಸೋದು ನಿನ್ನ ಕೆಲ್ಸ.”

“ಅಲ್ಲಿ ಈಗ ಮಕ್ಕಳಿಲ್ಲ ಸಾರ್. ಗುಂಡಿ ಇದೆ.”

“ಸಂಕೇತ ಅಮ್ಮ ಅದು, ಸಂಕೇತ.” ಅವನ ದನಿ ತಗ್ಗಿತು. “ಇದು ಪೇಪರ್‌ಗೆ ಬೇರೆ ಥರ ಹೋದ್ರೆ ಏನಾಗ್ತದೆ ಯೋಚ್ನೆ ಮಾಡು. ಮಂಚೇನಹಳ್ಳಿ ಕಡೆ, ಗೌರಿಬಿದನೂರು ಕಡೆ ಕೆಲ್ಸ ಶುರುವಾಗ್ಬೇಕು. ಎಲ್ಲಾ ನಿಂತೋಗ್ತವೆ. ಅಲ್ಲೂ ಮಕ್ಕಳಿದಾರೆ, ಬದುಕಿರೋ ಮಕ್ಕಳು.”

ತನುಜ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಬರುತ್ತ ಆ ಮಾತನ್ನೇ ತಿರುವಿಹಾಕಿದಳು. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಬದುಕಿರುವ ಮಕ್ಕಳ ಹೆಸರು ಹೇಳಿ ಸತ್ತ ಮಕ್ಕಳನ್ನು ಇನ್ನೊಮ್ಮೆ ಅಗೆಯುವ ಈ ಮಾತು ಎಲ್ಲೋ ತಪ್ಪಿದೆ. ಆ ತಪ್ಪು ಅವಳ ಕೈಗೆ ಸಿಗಲಿಲ್ಲ. ಜಗಲಿಗೆ ಹೋಗಿ, ಅವನು ಹೇಳಿದ್ದನ್ನು ಹೇಳಿದಂತೆಯೇ ಹೆಂಗಸರಿಗೆ ಹೇಳಿದಳು. ಗಂಗುಲಮ್ಮ ಒಳಲೆಯನ್ನು ಪಕ್ಕದವಳ ಕೈಗಿಟ್ಟು, ಎದ್ದು ಒಳಗೆ ಹೋದಳು.

ಒಳಲೆ ಯಾರದೆಂದು ಗೊತ್ತಾಗದ್ದರಿಂದ ತಾಯಂದಿರು ಅದನ್ನು ಸರದಿಯ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಶನಿವಾರ ಅನಸೂಯಮ್ಮನ ಮನೆಗೆ ಬಂತು. ಸಂಜೆ ತನುಜ ಒಳಗೆ ಬಂದಾಗ ಅಮ್ಮ ಬಚ್ಚಲ ಹತ್ತಿರ ಕೂತು, ಒಲೆಬೂದಿ, ಹುಣಿಸೆಹಣ್ಣು ಹಾಕಿ ಅದನ್ನು ತಿಕ್ಕುತ್ತಿದ್ದಳು. ಹಿತ್ತಾಳೆ ಕಂಡರೆ ತಿಕ್ಕಿಯೇ ಅಭ್ಯಾಸವಾದ ಕೈ. ಕಿಲುಬು ಬಿಟ್ಟು ಮೂತಿ ಹೊಳೆಯತೊಡಗಿತ್ತು. ಒಳಗೆ ಗಟ್ಟಿಯಾಗಿ ಅಂಟಿದ್ದ ಕಪ್ಪುಮಣ್ಣನ್ನು ಬೆರಳು ಹಾಕಿ ಕೆದಕಿ, ನೀರು ಹುಯ್ದು, ಪಾತ್ರೆಯಲ್ಲಿ ಅಲುಬಿದಳು. ಮಣ್ಣು ಕರಗಿ ನೀರು ಕದಡಿತು.

ಆಗ ಅವಳ ಕೈ ನಿಂತಿತು.

ಒಳಲೆಯಲ್ಲಿ ಈಗ ಮಣ್ಣಿರಲಿಲ್ಲ. ಆ ಹೂಳಿನಲ್ಲಿ, ಆ ಒಂದು ಮುಷ್ಟಿಯಲ್ಲಿ ಯಾರಾದರೂ ಇದ್ದಿದ್ದರೆ, ಅವರು ಈಗ ಆ ಪಾತ್ರೆಯ ನೀರಿನಲ್ಲಿದ್ದರು. ಆವಲಪ್ಪನ ಟಿಲ್ಲರಿಗೆ ಸಿಗದೆ ಉಳಿದಿದ್ದನ್ನು ತಾಯಿಯ ಕೈಯೇ ತೊಳೆದಿತ್ತು.

ಅನಸೂಯಮ್ಮ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದಳು. ಬಚ್ಚಲ ಕಡೆ ಒಂದು ಹೆಜ್ಜೆ ಇಟ್ಟಳು, ಅಲ್ಲಿ ಆಗಲಿಲ್ಲ. ಹಿತ್ತಲ ನುಗ್ಗೆಮರದ ಬುಡಕ್ಕೆ ಹೋಗಿ ನಿಂತಳು, ಅಲ್ಲೂ ಆಗಲಿಲ್ಲ. ವಾಪಸು ಬಂದು ನಡುಮನೆಯಲ್ಲಿ, ತುಳುಕದ ಹಾಗೆ ಹಿಡಿದು ನಿಂತುಬಿಟ್ಟಳು.

“ಇದನ್ನ ಎಲ್ಲಿ ಚೆಲ್ಲಲೇ, ತನುಜ?”

ಇಷ್ಟು ದಿನದ ಮೇಲೆ ಅಮ್ಮ ಆಡಿದ ಮೊದಲ ಮಾತು. ಮಗಳಿಗೆ ಗೊತ್ತಿರಬಹುದು, ಓದಿದ್ದಾಳೆ ಎಂದು ನಂಬಿ ಕೇಳಿದ ಹಾಗಿತ್ತು. ತನುಜ ಹೋಗಿ ಪಾತ್ರೆಯನ್ನು ತಾನೂ ಹಿಡಿದಳು. ಇಬ್ಬರೂ ಹಾಗೇ ನಿಂತರು.

“ಜಗನ್ ಅಂತ ಇಟ್ಟಿದ್ವಿ,” ಎಂದಳು ಅನಸೂಯಮ್ಮ. “ನಿಮ್ಮಪ್ಪಂಗೆ ಇಷ್ಟದ ಹೆಸ್ರು. ನಿನ್ನಂಗೇ ನಿದ್ದೇಲಿ ಹುಬ್ಬು ಗಂಟಾಕ್ತಿದ್ದ.”

ತನುಜ ಅಣ್ಣನ ಹೆಸರು ಕೇಳಿದ್ದು ಅವತ್ತೇ.

ಭಾನುವಾರ ಶಾಮಿಯಾನ ಚೆನ್ನಾಗಿಯೇ ಬಂದಿತ್ತು. ಕಂಪನಿಯವರು ಹತ್ತಿಯ ಬಟ್ಟೆ ತೊಟ್ಟು ಬಂದಿದ್ದರು. ಅವರಿಗೆಲ್ಲ ಎಳನೀರು ಕೊಟ್ಟಾಗಿತ್ತು. ಮೂಡಣ ಮೂಲೆಯ ಗುಂಡಿಯ ದಡದಲ್ಲಿ ಹೊಂಗೆ ಸಸಿಗಳನ್ನು ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ನೆಲವನ್ನು ಸಗಣಿಯಲ್ಲಿ ಸಾರಿಸಿ, ಅಡಿಕೆಹಾಳೆ ತಟ್ಟೆಗಳಲ್ಲಿ ಬಣ್ಣಬಣ್ಣದ ಪುಡಿ ಇಟ್ಟಿದ್ದರು. ಹುರುಳಿಕಾಳನ್ನೂ ಮರೆತಿರಲಿಲ್ಲ.

ಕಾಲೋನಿಯ ಹೆಂಗಸರು ಬಂದರು. ಶಾಮಿಯಾನದ ಕಡೆ ತಿರುಗಲಿಲ್ಲ. ಗುಂಡಿಯ ಅಂಚಿಗೆ ಹೋಗಿ, ಬೆನ್ನು ಇತ್ತ ಮಾಡಿ ಕೂತರು. ನಡುವೆ ಅನಸೂಯಮ್ಮ. ಅವಳ ಮಡಿಲಲ್ಲಿ ಮುಚ್ಚಳ ಹಾಕಿದ ಒಂದು ಪಾತ್ರೆ ಇತ್ತು.

ರಮೇಶ್‌ಬಾಬು ಮೆಲ್ಲಗೆ ಬಂದು ತನುಜಳ ಕಿವಿಯ ಹತ್ತಿರ, “ಕರಿಯಮ್ಮ ಅವ್ರನ್ನ,” ಎಂದ.

“ಬರಲ್ಲ ಸಾರ್.”

“ಗಂಗುಲಮ್ಮನಾದ್ರೂ?”

ಗಂಗುಲಮ್ಮನಿಗೆ ಕೇಳಿಸಿತು. ತಿರುಗದೆಯೇ, “ಮಂಡಿ ನೋವು ಸ್ವಾಮಿ, ಬಗ್ಗಕ್ಕಾಗಲ್ಲ. ಬಗ್ಗೋಕೆ ನಿಮ್ ಜೆಸಿಬಿ ಐತಲ್ಲ,” ಎಂದಳು.

ಕಂಪನಿಯ ಮೇಡಂ ಎದೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ವಿಡಿಯೊದವನು ಕ್ಯಾಮೆರಾವನ್ನು ಸಾರಿಸಿದ ನೆಲದ ಕಡೆ ಬಗ್ಗಿಸಿ ಹಿಡಿದಿದ್ದ. ರಮೇಶ್‌ಬಾಬುವಿನ ಹಣೆಯಲ್ಲಿ ಬೆವರಿತ್ತು. ನೀಲಿ ಪುಡಿಯ ತಟ್ಟೆ ಎತ್ತಿ ತನುಜಳ ಕೈಗಿಟ್ಟ.

“ನೀನೇ ಬಿಡಿಸಮ್ಮ ಹಾಗಾದ್ರೆ. ನೀನೂ ಕಾಲೋನಿಯೋಳೇ ಅಲ್ವಾ. ಕೆರೆ ಒಂದು ಎಳಿ, ಆ ಮೂಲೇಲಿ ಒಂದು ಗುರುತು ಹಾಕು. ಸಾಕು. ಎರಡು ನಿಮಿಷದ ಕೆಲ್ಸ. ಕೆಲಸದಲ್ಲಿ ಇರ್ಬೇಕು ಅಂದ್ರೆ ಇಷ್ಟಾದ್ರೂ ಮಾಡು.”

ತನುಜ ತಟ್ಟೆ ಹಿಡಿದು ನೆಲದ ಮೇಲೆ ಕೂತಳು. ಪುಡಿ ಬೆರಳ ನಡುವೆ ನುಣ್ಣಗಿತ್ತು. ಅತ್ತ ಅನಸೂಯಮ್ಮ ಪಾತ್ರೆಯ ಮುಚ್ಚಳ ತೆಗೆದಳು. ಗುಂಡಿಯೊಳಕ್ಕೆ ಬಗ್ಗಿ, ನಿದ್ದೆಯ ಕೂಸಿನ ಬಾಯಿಗೆ ಹಾಲು ಹನಿಸುವ ಹಾಗೆ, ಸಣ್ಣ ಧಾರೆಯಲ್ಲಿ ಆ ನೀರನ್ನು ಬಿಟ್ಟಳು. ಒಣಮಣ್ಣು ಅದನ್ನು ಹೀರಿಕೊಂಡಿತು. ಒಂದಿಷ್ಟಗಲ ಒದ್ದೆ ಕಲೆ ಉಳಿಯಿತು, ನೋಡುತ್ತಿದ್ದಂತೆ ಅದೂ ಮಾಸಿತು. ಅನಸೂಯಮ್ಮ ಬರಿದಾದ ಪಾತ್ರೆಯನ್ನು ಬೋರಲು ಹಾಕಿ, ತಲೆಯೆತ್ತಿ ಮಗಳನ್ನು ನೋಡಿದಳು.

“ತನುಜ, ಬೇಗ,” ಎಂದ ರಮೇಶ್‌ಬಾಬು.

ತನುಜ ಮುಷ್ಟಿಯಲ್ಲಿದ್ದ ಪುಡಿಯನ್ನು ತಟ್ಟೆಗೆ ವಾಪಸು ಸುರಿದಳು. ಬೆರಳಿಗೆ ಅಂಟಿದ್ದನ್ನೂ ಒರೆಸಿದಳು. ಎದ್ದು ನಿಂತಳು.

“ಅದು ನಮ್ಮಮ್ಮ ಬಿಟ್ಟಿರೋ ಜಾಗ ಸಾರ್. ಅಲ್ಲಿ ನಾನು ಗೆರೆ ಎಳೆಯಲ್ಲ.”